ಮಾವನ ಕಾರು ಮತ್ತು ಊರಿನ ಇಳಿಜಾರು

ನಮ್ಮ ಮಾವನಿಗೆ ಬೆಂಗಳೂರಿನ ದಾರಿಗಳು ಗೊತ್ತಿರಲಿಲ್ಲ. ಇಳಿಜಾರುಗಳು ಗೊತ್ತಿದ್ದವು! ತ್ಯಾಗರಾಜನಗರದಿಂದ ಜಯನಗರ ಫೋರ್ತ್ ಬ್ಲಾಕಿಗೆ ಹೋಗೋದು ಹೇಗೆ ಅಂತ ಯಾರಾದರೂ ಕೇಳಿದರೆ ನೀವೂ ನಾನೂ ಏನು ಹೇಳ್ತೀವಿ? ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತೀವಿ. ಮಾವ ಮಾತ್ರ ಕಣ್ಣು ಮುಚ್ಚಿ, ಅಂಗೈಯನ್ನು ಗಾಳಿಯಲ್ಲಿ ಜಾರಿಸುತ್ತಾ, "ಮೊದಲು ಸ್ವಲ್ಪ ಇಳೀಬೇಕು, ಆಮೇಲೆ ಒಂದು ಏರು, ಆಮೇಲೆ ದರಿದ್ರದ ಸಮ" ಅನ್ನುತ್ತಿದ್ದರು. ಸಮತಟ್ಟು ರಸ್ತೆಯನ್ನು ಅವರು 'ದರಿದ್ರದ' ಅನ್ನೋ ಬಿರುದು ಕೊಡದೆ ಕರೆದದ್ದನ್ನು ನಾನು ಒಂದು ದಿನವೂ ಕೇಳಿಲ್ಲ.

ಮಾವ ಅಂದ್ರೆ ಗಂಡನ ತಂದೆಯಲ್ಲ ಮತ್ತೆ, ತಪ್ಪು ತಿಳೀಬೇಡಿ. ಸೋದರಮಾವ, ನನ್ನ ಅಮ್ಮನ ಅಣ್ಣ. ನಾನು ಹುಟ್ಟಿದ ದಿನವೇ ಅಮ್ಮ ತೀರಿಕೊಂಡಳು. ಅಪ್ಪನದು ರೈಲ್ವೆ ಕೆಲಸ, ಊರೂರು ಅಲೆದಾಟ. ಹಾಗಾಗಿ ನನ್ನನ್ನು ಸಾಕಿ, ಬೈದು, ಓದಿಸಿ, ಮದುವೆ ಮಾಡಿ ಕಳಿಸಿದವರು ಮಕ್ಕಳಿಲ್ಲದ ಈ ಮಾವ, ಅತ್ತೆ. ಅಮ್ಮ ಹೋದ ದಿನದ ಮಾತನ್ನು ಮಾತ್ರ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬಂದ ನೆಂಟರು ಯಾರಾದರೂ ಎತ್ತಿದರೆ ಮಾವ ಎದ್ದು ಹೋಗಿ ಕಾರು ಒರೆಸುತ್ತಿದ್ದರು.

ಆ ಕಾರೋ! ಇಂಗ್ಲಿಷರು ಬಿಟ್ಟು ಹೋದದ್ದು, ಕಡು ಹಸಿರು, ಮುಂದೆ ಎರಡು ಉಬ್ಬುಗಣ್ಣು. ಕಚೇರಿಯಲ್ಲಿ ಬರೀ ಸೂಪರಿಂಟೆಂಡೆಂಟ್ ಆಗಿದ್ದ ಮಾವನಿಗೆ ಕಾರು ಇಡುವ ಅಂತಸ್ತೇನೂ ಇರಲಿಲ್ಲ. ನನಗೆ ಒಂದು ವರ್ಷ ತುಂಬಿದಾಗ ಅತ್ತೆಯ ಅವಲಕ್ಕಿ ಸರ ಮಾರಿ ತಂದರಂತೆ. "ಸರ ಹೋಯ್ತು, ಸವತಿ ಬಂದ್ಲು" ಅಂತ ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಈ ಸವತಿ ಕೈಕೊಟ್ಟಳು. ಡ್ಯಾಶ್‌ಬೋರ್ಡಿನಲ್ಲಿ ಒಂದು ಹಿಡಿ ಇತ್ತು. ಅದನ್ನು ಎಳೆದರೆ ಸ್ಟಾರ್ಟರ್ ಮೋಟಾರು ತಿರುಗಿ ಎಂಜಿನ್ನನ್ನು ಎಬ್ಬಿಸಬೇಕು. ಒಂದು ದಿನ ಎಳೆದರೆ 'ಟಕ್' ಅಂತ ಒಂದೇ ಒಂದು ಶಬ್ದ. ಆಮೇಲೆ ಮೌನ. ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸೋಣ ಅಂತ ಮಾವ ಹೋದರೆ ಅದು ಹಿಂದಕ್ಕೆ ಒದ್ದು ಅವರ ಮಣಿಕಟ್ಟು ಬೋಂಡದ ಹಾಗೆ ಊದಿಕೊಂಡಿತು. ಅತ್ತೆ ಆ ಹ್ಯಾಂಡಲನ್ನು ಕಿತ್ತುಕೊಂಡು ಬಚ್ಚಲೊಲೆ ಕೆದಕೋಕೆ ಇಟ್ಟುಕೊಂಡರು. ಬೆಂಕಿಗೆ ಬಗ್ಗಿ ಬಗ್ಗಿ ಅದು ಕೊನೆಗೆ ಕೊಂಡಿಯಾಯಿತು.

ಮಡಿವಾಳದಿಂದ ಮೆಕ್ಯಾನಿಕ್ ಭಾಯಿ ಬಂದು ನೋಡಿದರು. "ಸಾರ್, ಸ್ಟಾರ್ಟರ್ ಹೋಗಿದೆ. ಬೇರೆ ಹಾಕ್ಸಿಬಿಡಿ."

ಮಾವ ಬೀದಿಯನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿದರು. ನಮ್ಮ ಮನೆ ಮುಂದೆ ರಸ್ತೆಗೆ ಒಂದು ಚೆಂದದ ಇಳಿಜಾರಿತ್ತು. "ದೇವರು ಮನೆ ಮುಂದೇನೇ ಇಳಿಜಾರು ಕೊಟ್ಟಿರೋವಾಗ ಸ್ಟಾರ್ಟರ್ ಹಾಕ್ಸೋದು ಅಹಂಕಾರ ಕಣಯ್ಯಾ" ಅಂದರು. ಆ ಮಾತನ್ನು ಹತ್ತು ವರ್ಷ ಪಾಲಿಸಿದರು!

ಅವತ್ತಿನಿಂದ ನಮ್ಮ ಮನೆಯ ಸಕಲ ವ್ಯವಹಾರವೂ ಇಳಿಜಾರಿನ ಮೇಲೆ ನಿಂತಿತು. ಇಳಿಜಾರಿನಲ್ಲಿರುವ ನೆಂಟರು ನೆಂಟರು, ಸಮತಟ್ಟಿನಲ್ಲಿರುವವರು ಬರೀ ಪರಿಚಯದವರು. ಮದುವೆಗೆ ಕರೆಯೋಲೆ ಬಂದರೆ ಮುಹೂರ್ತಕ್ಕೆ ಮೊದಲು ಛತ್ರದ ವಿಳಾಸ ನೋಡೋರು. ಕಾರಿನ ಹಿಂದಿನ ಸೀಟಿನ ಕೆಳಗೆ, ನಿಲ್ಲಿಸಿದಾಗ ಚಕ್ರಕ್ಕೆ ಅಡ್ಡ ಕೊಡೋಕೆ, ಹಳೇ ಟವಲಿನಲ್ಲಿ ಸುತ್ತಿದ ಎರಡು ಗುಂಡುಕಲ್ಲು. ಆಯುಧಪೂಜೆ ದಿನ ಕಾರಿಗಿಂತ ಮೊದಲು ಆ ಕಲ್ಲುಗಳಿಗೆ ಅರಿಶಿನ ಕುಂಕುಮ!

ಇನ್ನು ತಳ್ಳುವವರು. ಇಳಿಜಾರಿದ್ದರೂ ಮೊದಲ ನೂಕು ಯಾರಾದರೂ ಕೊಡಬೇಕಲ್ಲ? ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬೀದಿ ಸೇರುತ್ತಿತ್ತು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಎಡಗಡೆ, ಎದುರುಮನೆ ಕಮಲಮ್ಮನವರ ಯಜಮಾನರು ಬಲಗಡೆ, ನಡುವೆ ಆ ಹೊತ್ತಿಗೆ ಸಿಕ್ಕವರು. ಮೇಷ್ಟ್ರು ಡ್ರಿಲ್ ಮಾಡಿಸುವ ಗಂಟಲಿನಲ್ಲಿ "ಒಂದೂ... ಎರಡೂ... ಮೂರ್!" ಅನ್ನೋರು. ಕಾರು ಉರುಳಿ, ಕೆಮ್ಮಿ, ಎಚ್ಚರವಾಗಿ ಹೊರಟೇ ಹೋಗೋದು. ನಿಂತು ಥ್ಯಾಂಕ್ಸ್ ಹೇಳೋಣ ಅಂದರೆ ಎಂಜಿನ್ ನಿಂತೀತು ಅನ್ನೋ ಭಯ, ಅದಕ್ಕೆ ಮಾವ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿಬಿಡೋರು. ಆದರೆ ಋಣ ಇಟ್ಟುಕೊಳ್ಳೋ ಮನುಷ್ಯರಲ್ಲ. ಸಂಜೆ ನಮ್ಮ ಹಿತ್ತಲಿನ ಕರಿಬೇವಿನ ಮರದಿಂದ, ತಳ್ಳಿದವರ ಮನೆಗೆಲ್ಲ ಒಂದೊಂದು ಹಿಡಿ ಕರಿಬೇವು ಹೋಗಲೇಬೇಕು. ಕಮಲಮ್ಮನವರಂತೂ ಅಡುಗೆಮನೆ ಡಬ್ಬಿ ನೋಡಿಕೊಂಡೇ, "ಕರಿಬೇವು ಮುಗಿದಿದೆ, ಹೋಗ್ರೀ, ಇವತ್ತು ಚೆನ್ನಾಗಿ ತಳ್ಳಿ" ಅಂತ ಯಜಮಾನರನ್ನು ಕಳಿಸೋರು.

ನನ್ನ ಮದುವೆ ಆದದ್ದೂ ಇಳಿಜಾರಿನಿಂದಲೇ ಅಂದ್ರೆ ನೀವು ನಂಬಬೇಕು. ಬನಶಂಕರಿಯಲ್ಲಿ ಒಂದು ಗಂಡಿದೆ ಅಂತ ಯಾರೋ ಹೇಳಿದರು. ಮನೆತನ ವಿಚಾರಿಸಿಕೊಂಡು ಬರ್ತೀನಿ ಅಂತ ಹೋದ ಮಾವ, ಮುಖ ಊರಗಲ ಮಾಡಿಕೊಂಡು ಬಂದರು.

"ಹುಡುಗ ಹೇಗಿದ್ದಾನ್ರೀ?" ಅತ್ತೆ ಕೇಳಿದರು.

"ಹುಡುಗ ಇರಲಿಲ್ಲ."

"ಅವರಪ್ಪ ಅಮ್ಮ?"

"ಇದ್ರು, ಕಾಫಿ ಕೊಟ್ರು. ಅದಲ್ವೇ ವಿಷಯ! ಗೇಟಿನಿಂದ ಸರ್ಕಲ್ ತನಕ ಒಂದೇ ಸಮನೆ ಇಳಿಜಾರು ಕಣೇ! ಬೆರಳಲ್ಲಿ ನೂಕಿದ್ರೆ ಸಾಕು!"

ಅತ್ತೆ ಹಣೆ ಚಚ್ಚಿಕೊಂಡರು. ಮುಂದಿನ ಭಾನುವಾರ ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ಕೇಸರಿಭಾತ್ ತಿಂದರು. ನಾನು ತಲೆ ಬಗ್ಗಿಸಿ ಕೂತಿದ್ದರಿಂದ ಹುಡುಗನ ಮೊಣಕಾಲು ಮಾತ್ರ ಕಂಡಿತ್ತು. ಬಸ್‌ಸ್ಟಾಪಿಗೆ ಬಿಟ್ಟು ಬರ್ತೀನಿ ಅಂತ ಮಾವ ಹೊರಟರು. ಮೇಷ್ಟ್ರು ಊರಲ್ಲಿರಲಿಲ್ಲ, ಎಡಗಡೆ ಜಾಗ ಖಾಲಿ. ಹುಡುಗ ಎರಡನೇ ಮಾತಿಲ್ಲದೆ ಹೊಸ ಷರಟಿನ ತೋಳು ಮಡಚಿ, ಕಾರಿನ ಬೆನ್ನಿಗೆ ಕೈ ಕೊಟ್ಟು, ಹೋ ಅಂತ ತಳ್ಳಿ, ಓಡಿ ಹೋಗಿ ಚಲಿಸುತ್ತಿದ್ದ ಕಾರು ಹತ್ತಿಕೊಂಡ. ಕಿಟಕಿಯಿಂದ ನೋಡಿದ ನಾನು ಅಲ್ಲೇ ತೀರ್ಮಾನ ಮಾಡಿದೆ. ಡಿಕ್ಕಿಯ ಧೂಳಿನ ಮೇಲೆ ಅವನ ಎರಡು ಅಂಗೈ ಗುರುತು ಉಳಿದಿತ್ತು. ಎರಡು ದಿನ ಕಾರು ಒರೆಸೋಕೆ ಮಾವನನ್ನು ಬಿಡಲಿಲ್ಲ ನಾನು.

ಮದುವೆಯಾಗಿ ಎರಡನೇ ವರ್ಷಕ್ಕೆ ಬಸುರಿಯಾದೆ. ಸೀಮಂತ ಮುಗಿಸಿಕೊಂಡು ಹೆರಿಗೆಗೆ ತ್ಯಾಗರಾಜನಗರಕ್ಕೆ ಬಂದೆ. ನನ್ನನ್ನು ನೋಡುತ್ತಿದ್ದ ಲೇಡಿ ಡಾಕ್ಟರ ನರ್ಸಿಂಗ್ ಹೋಂ ಜಯನಗರದಲ್ಲಿ. ಮಾವ ಒಂದು ಸಂಜೆ ಅದನ್ನು ನೋಡಿಕೊಂಡು ಬಂದವರು ಊಟಕ್ಕೂ ಏಳದೆ ಕೂತರು.

"ದರಿದ್ರದ ಸಮ" ಅಂದರು. "ಒಂದು ಗುಂಡು ಇಟ್ರೆ ಅದೂ ಉರುಳಲ್ಲ. ಪುಟ್ಟಿ, ಬೇರೆ ಡಾಕ್ಟ್ರನ್ನ ನೋಡೋಣ್ವೇನೇ? ಹನುಮಂತನಗರದ ಕಡೆ ಒಳ್ಳೊಳ್ಳೇ ಇಳಿಜಾರಿವೆ."

ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ರೀ! ಹೆರಿಗೆ ಮಾಡಿಸೋದು ಡಾಕ್ಟ್ರೋ, ರಸ್ತೆಯೋ?"

ಮಾವ ನನ್ನ ಹೊಟ್ಟೆಯ ಕಡೆ ನೋಡಿದರು. ಹತ್ತು ವರ್ಷದ ವ್ರತ ಮುರಿದರು. "ಸ್ಟಾರ್ಟರ್ ಹಾಕ್ಸಿಬಿಡ್ತೀನಿ."

ಅಷ್ಟು ಹಳೇ ಕಾರಿಗೆ ಹೊಸ ಸ್ಟಾರ್ಟರ್ ಎಲ್ಲಿಂದ ಬರಬೇಕು? ಭಾಯಿ ಹೇಳಿದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಅದೇ ಜಾತಿಯ ಇನ್ನೊಂದು ಸತ್ತ ಕಾರಿನ ಬದುಕಿದ್ದ ಸ್ಟಾರ್ಟರ್ ಹುಡುಕಿದರು. ಟವಲಿನಲ್ಲಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದರು. ಕಂಡಕ್ಟರ್, "ಏನ್ ಸಾರ್ ಅದು? ಲಗೇಜ್ ಟಿಕೆಟ್ ತಗೊಳ್ಳಿ" ಅಂದನಂತೆ. "ತೊಡೆ ಮೇಲಿರೋ ಕೂಸಿಗೆ ಯಾವ ಊರಲ್ಲಿ ಟಿಕೆಟ್ಟಪ್ಪಾ?" ಅಂತ ಇವರು. ಮಾತಿಗೆ ಮಾತು ಬೆಳೆದು, ಇಳಿಯೋ ಸ್ಟಾಪು ಹಿಂದೆ ಹೋಗಿ, ಆ ಭಾರ ಹೊತ್ತು ಒಂದು ಮೈಲಿ ನಡೆದು ಬಂದರು.

ಭಾನುವಾರ ಜೋಡಣೆ. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಮುಗೀಬೇಕು ಅಂತ ಅತ್ತೆಯ ಆಜ್ಞೆ. ಬೀದಿಗೆ ಬೀದಿಯೇ ಕಾರಿನ ಸುತ್ತ. ಭಾಯಿ ಕಾರಿನ ಕೆಳಗೆ ಅಂಗಾತ ಮಲಗಿದರೆ, ಅವರು ಸರಿಯಾಗಿ ಮಲಗಿದ್ದಾರೋ ಇಲ್ಲವೋ ನೋಡೋಕೆ ಮಾವ ಪಕ್ಕದಲ್ಲಿ ಮಲಗಿದರು. ಸ್ಪ್ಯಾನರ್ ಕೊಡೋ ಹೊಣೆ ಮೇಷ್ಟ್ರದು. ಭಾಯಿ ಒಂದು ಕೇಳಿದರೆ ಮೇಷ್ಟ್ರು ಇನ್ನೊಂದು ಕೊಡೋರು.

"ಇದಲ್ಲ ಮೇಷ್ಟ್ರೇ, ಇನ್ನೂ ಸಣ್ಣದು."

"ಪ್ರಯತ್ನಪಟ್ಟು ನೋಡಿ. ಪ್ರಯತ್ನ ಪಡದೆ ಆಗಲ್ಲ ಅನ್ನಬಾರದು."

"ಸಾರ್, ನಟ್ಟಿಗೆ ಪಾಠ ಹೇಳಿದ್ರೆ ಬಿಚ್ಚಲ್ಲ ಸಾರ್!"

ಅಂತೂ ತುಕ್ಕು ಹಿಡಿದ ಬೋಲ್ಟುಗಳು ಬಿಚ್ಚಿದವು. ಹಳೇ ಸ್ಟಾರ್ಟರಿನ ಹಲ್ಲುಗಳೆಲ್ಲ ಸವೆದು ಬೊಚ್ಚಾಗಿದ್ದವು. ಹೊಸದು ಕೂತಿತು, ವೈರು ಬಿಗಿಯಿತು, ನಾಲ್ಕು ಗಂಟೆಗೆ ಭಾಯಿ ಕೆಳಗಿಂದ ಎದ್ದು ಬಂದು ಕೈ ಒರೆಸಿಕೊಂಡು, "ಎಳೀರಿ ಸಾರ್" ಅಂದರು.

ಇಲ್ಲೊಂದು ವಿಷಯ ಹೇಳಬೇಕು. ಇಳಿಜಾರಿನಲ್ಲಿ ಬದುಕಿದವರು ಕಾರನ್ನು ಸದಾ ಗೇರಿನಲ್ಲೇ ನಿಲ್ಲಿಸ್ತಾರೆ. ಸ್ಟಾರ್ಟರ್ ಎಳೆಯೋ ಮುಂಚೆ ಗೇರು ತೆಗೀಬೇಕು ಅನ್ನೋದು ಹತ್ತು ವರ್ಷದಲ್ಲಿ ಮಾವನಿಗೆ ಮರೆತೇ ಹೋಗಿತ್ತು! ಹಿಡಿ ಎಳೆದರು. ಕಾರು ಕುಪ್ಪಳಿಸಿ, ಭಾಯಿಯ ಸಾಮಾನಿನ ಡಬ್ಬ ದಾಟಿ, ಅತ್ತೆಯ ಹಿತ್ತಾಳೆ ಬಕೆಟ್ಟನ್ನು ಅಪ್ಪಚ್ಚಿ ಮಾಡಿ ನಿಂತಿತು. ಜನ ದಿಕ್ಕಾಪಾಲು. ಭಾಯಿ ಎದೆ ಮೇಲೆ ಕೈಯಿಟ್ಟುಕೊಂಡು, "ಒಂದು ನಿಮಿಷ ಮುಂಚೆ ಎಳೆದಿದ್ರೆ ನಾನೇ ಇರ್ತಿರಲಿಲ್ಲ ಸಾರ್" ಅಂದರು. ಮಾವ ಕಾರಿನೊಳಗಿಂದ ಕೂಗಿದರು: "ನೋಡಿದ್ರಾ ಎಂಥಾ ಶಕ್ತಿ!"

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗಾಯಿತು ಮುಂದಿನ ಮೂರು ವಾರ. ಮೊದಲನೆಯದಾಗಿ, ಇನ್ನು ಇಳಿಜಾರು ಯಾಕೆ ಅಂತ ಕಾರನ್ನು ರಸ್ತೆಯಿಂದ ತೆಗೆದು ಕಾಂಪೌಂಡಿನೊಳಗೆ ನಿಲ್ಲಿಸಿದರು. ಎರಡನೆಯದಾಗಿ, ಹೆರಿಗೆಗೆ ಬೇಕಾದ ಕಾರು ಸುಮ್ಮನೆ ಸವೆಯಬಾರದು ಅಂತ ಆಫೀಸಿಗೆ ಬಸ್ಸು ಹಿಡಿದರು. ಆದರೆ ಕಾರು ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗಬೇಡವೇ? ಬೆಳಿಗ್ಗೆ ಸ್ನಾನ ಆದ ಮೇಲೆ ಒಂದ್ಸಲ 'ಗರ್‌ರ್'. "ಸರಿಯಾಗಿದೆ." ಆಫ್. ಊಟಕ್ಕೆ ಮುಂಚೆ ಒಂದ್ಸಲ. ಸಂಜೆ ಬಂದು ಷೂ ಬಿಚ್ಚೋ ಮುಂಚೆ ಒಂದ್ಸಲ. ನಾನು ಸ್ವಲ್ಪ ಸೊಂಟ ಹಿಡಿದುಕೊಂಡರೆ ಸಾಕು, ಹೊರಗೆ 'ಗರ್‌ರ್'. ಬಿಕ್ಕಳಿಸಿದರೂ 'ಗರ್‌ರ್'!

ತಳ್ಳುವವರ ಪಾಡು ಕೇಳಬೇಡಿ. ಒಂಬತ್ತು ಗಂಟೆಗೆ ಮೇಷ್ಟ್ರು ಅಭ್ಯಾಸಬಲದಿಂದ ಹೊರಗೆ ಬಂದು, ಖಾಲಿ ರಸ್ತೆ ನೋಡಿ, ಒಳಗೆ ಹೋಗೋರು. "ಹಸಿವೇ ಆಗಲ್ಲಮ್ಮ ಈಗೀಗ" ಅಂತ ನನ್ನ ಹತ್ತಿರ ಹೇಳಿಕೊಂಡರು. ಕರಿಬೇವಿನ ಹಂಚಿಕೆ ನಿಂತಿತು, ಕಮಲಮ್ಮನವರು ನಮ್ಮ ಅತ್ತೆ ಜೊತೆ ಮಾತು ಕಮ್ಮಿ ಮಾಡಿದರು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ನನಗೆ ನೋವು ಶುರುವಾಯಿತು. ಈ ಸಲ ಬಿಕ್ಕಳಿಕೆಯಲ್ಲ, ನಿಜವಾದ ನೋವು. ಪುಣ್ಯಕ್ಕೆ ಮಾವ ರಜೆ ಹಾಕಿ ಮನೆಯಲ್ಲೇ ಇದ್ದರು. ಅತ್ತೆ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಮಾವ ದೇವರಿಗೆ ಕೈಮುಗಿದು, ಗೇರು ತೆಗೆದು, ಹಿಡಿ ಎಳೆದರು.

'ಟಕ್.'

ಇನ್ನೊಮ್ಮೆ ಎಳೆದರು. 'ಟಕ್.'

ಸ್ಟಾರ್ಟರ್ ಗಟ್ಟಿಮುಟ್ಟಾಗಿಯೇ ಇತ್ತು. ಮೂರು ವಾರ ಕಾರು ಓಡಿಸದೆ ಬರೀ ಪರೀಕ್ಷೆ ಮಾಡಿ ಮಾಡಿ ಮಾವ ಬ್ಯಾಟರಿಯನ್ನು ಮುಗಿಸಿಬಿಟ್ಟಿದ್ದರು! ಅತಿಯಾದರೆ ಅಮೃತವೂ ವಿಷ ಅಂತಾರಲ್ಲ. ಆದರೆ ಅವತ್ತು ನನಗೆ ಗಾದೆ ನೆನಪಾಗಲಿಲ್ಲ, ಮಾವನ ಮುಖ ನೋಡಿ ಹೆದರಿಕೆಯಾಯಿತು. ಅಂಥ ಮುಖ ನಾನು ಅದುವರೆಗೆ ನೋಡಿರಲಿಲ್ಲ. ಬೆವರಿಲ್ಲ, ಬಣ್ಣವೇ ಇಲ್ಲ.

"ಇರಿ ಸಾರ್, ಓಡಿ ಹೋಗಿ ಆಟೋ ತರ್ತೀನಿ" ಅಂತ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಅಂದರು.

"ಬೇಡ!" ಮಾವ ಕಿರುಚಿದ್ದು ಬೀದಿಯ ಕೊನೆಗೆ ಕೇಳಿಸಿರಬೇಕು. "ಹುಡುಕೋಕೆ ಹೋಗ್ಬೇಡಿ! ಯಾರೂ ಎಲ್ಲಿಗೂ ಹುಡುಕೋಕೆ ಹೋಗ್ಬೇಡಿ! ತಳ್ಳಿ!"

ಅತ್ತೆ ಕಾಂಪೌಂಡಿನ ಮೇಲಿಂದ ಕೂಗಿದರು. "ಮೇಷ್ಟ್ರೇ!"

ಮೇಷ್ಟ್ರು ಅರ್ಧ ಗಡ್ಡ ಹೆರೆದುಕೊಂಡು ಇನ್ನರ್ಧ ಸೋಪಿನಲ್ಲಿ ಬಂದರು. ಯಜಮಾನರು ಆಫೀಸಿಗೆ ಹೋಗಿದ್ದರಿಂದ ಅವರ ಬಲಗಡೆ ಜಾಗಕ್ಕೆ ಕಮಲಮ್ಮನವರೇ ಚಪಾತಿ ಹಿಟ್ಟಿನ ಕೈಯಲ್ಲಿ ಬಂದು ನಿಂತರು, ಸೆರಗು ಸೊಂಟಕ್ಕೆ ಸಿಕ್ಕಿಸಿ. ಕಾರನ್ನು ಗೇಟಿನಿಂದ ಹಿಂದಕ್ಕೆ ತಳ್ಳಿ, ರಸ್ತೆಗೆ ತಂದು, ಮೂತಿ ಇಳಿಜಾರಿಗೆ ತಿರುಗಿಸಿದರು. "ಒಂದೂ... ಎರಡೂ..." ಮೇಷ್ಟ್ರ ಗಂಟಲು ಮೂರು ವಾರದ ಉಪವಾಸ ತೀರಿಸಿಕೊಂಡಿತು. ನೋವಿನ ಮಧ್ಯೆ ನನಗೆ ನಗು ತಡೆಯೋಕೆ ಆಗಲಿಲ್ಲ. ಕಾರು ಉರುಳಿತು, ಕೆಮ್ಮಿತು, ಎದ್ದಿತು! ಮಾವನ ಕೈ ಕಿಟಕಿಯಿಂದ ಹೊರಗೆ ಹೋಗಿ ಬೀಸಿತು.

ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ನಿಂತರೆ ಕೆಟ್ಟೆವು! ಮಾವ ನಿಲ್ಲಿಸಲಿಲ್ಲ. ಅತ್ತೆ ಕಿಟಕಿಯಿಂದ ಎರಡೂ ಕೈ ಜೋಡಿಸಿ ಅವನಿಗೆ ನಮಸ್ಕಾರ ಮಾಡಿದರು, ಅವನು ನನ್ನ ಅವತಾರ ನೋಡಿ ಬೇರೆ ಗಾಡಿಗಳನ್ನೆಲ್ಲ ನಿಲ್ಲಿಸಿಬಿಟ್ಟ.

ನರ್ಸಿಂಗ್ ಹೋಮಿನ ಮುಂದೆ ನಾನೂ ಅತ್ತೆಯೂ ಇಳಿದೆವು. ಮಾವ ಇಳಿಯಲಿಲ್ಲ. ಎಂಜಿನ್ ಆಫ್ ಮಾಡಲಿಲ್ಲ. "ನೀವು ಒಳಗೆ ಹೋಗಿ" ಅಂದರು ಅಷ್ಟೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರಂತೆ, ಪೂರ್ತಿ ಗಡ್ಡ ಹೆರೆದುಕೊಂಡು. ನನ್ನ ಗಂಡ ಸ್ಕೂಟರಿನಲ್ಲಿ ಬಂದ. ಹನ್ನೆರಡಾಯಿತು, ಎರಡಾಯಿತು, ಮೂರಾಯಿತು. ನಾನು ಮಲಗಿದ್ದ ಕೋಣೆಯ ಕಿಟಕಿಯಿಂದ ಗುಡುಗುಡು ಗುಡುಗುಡು ಕೇಳುತ್ತಲೇ ಇತ್ತು. ಎಂಜಿನ್ ಕಾದರೆ ಮೇಷ್ಟ್ರು ನಲ್ಲಿಯಿಂದ ನೀರು ತಂದು ಸುರಿಯೋರಂತೆ.

"ಸಾರ್, ಹೊಗೆ ಸಾರ್. ಡಾಕ್ಟ್ರಮ್ಮ ಬೈತಾರೆ" ಅಂತ ವಾಚ್‌ಮನ್.

"ಬೈಯಲಿ."

"ಮಾವ, ಇಷ್ಟು ಹೊತ್ತಿಗೆ ಬ್ಯಾಟರಿ ಚಾರ್ಜ್ ಆಗಿರುತ್ತೆ, ಆಫ್ ಮಾಡಿ" ಅಂತ ನನ್ನ ಗಂಡ.

"ಆಗಿರುತ್ತೆ ಅನ್ನೋದು ಬೇರೆ, ಆಗಿದೆ ಅನ್ನೋದು ಬೇರೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂದ್ರೆ ಆಗ ಯಾರನ್ನ ಹುಡುಕ್ಲಿ?"

ನಾಲ್ಕು ಗಂಟೆಗೆ ಮಗಳು ಹುಟ್ಟಿದಳು. ಅತ್ತೆ ಅವಳನ್ನು ಒರೆಸಿ ನನ್ನ ಪಕ್ಕ ಮಲಗಿಸಿ, ಕಿಟಕಿಯ ಕಡೆ ನೋಡಿದರು. ಹೊರಗೆ ಇನ್ನೂ ಗುಡುಗುಡು.

"ನೀನು ಹುಟ್ಟೋ ದಿನ ಜಟಕಾ ತರ್ತೀನಿ ಅಂತ ಓಡಿದವರು ಇವರೇ ಕಣೇ" ಅಂದರು. ಇಪ್ಪತ್ತಮೂರು ವರ್ಷದಲ್ಲಿ ಆ ದಿನದ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ಹಬ್ಬದ ದಿನ, ಒಂದು ಗಾಡಿನೂ ಇಲ್ಲ. ಗಾಂಧಿಬಜಾರು ದಾಟಿ ಓಡಿ, ಹೇಗೋ ಒಂದು ಹಿಡ್ಕೊಂಡು ಬಂದ್ರು. ಬಾಗಿಲಿಗೆ ಬಂದಾಗ ನಿನ್ನ ಅಳು ಕೇಳಿಸ್ತು. ನಿಮ್ಮಮ್ಮನ ದನಿ ಕೇಳಿಸಲಿಲ್ಲ. ಮುಂದಿನ ವರ್ಷ ನನ್ನ ಸರ ಕೇಳಿದ್ರು. ಯಾತಕ್ಕೆ ಅಂತ ನಾನು ಕೇಳ್ಲಿಲ್ಲ."

ಈ ಮನುಷ್ಯನನ್ನು ನೋಡಿ ಊರೆಲ್ಲ ಸೇರಿ ಎಷ್ಟು ನಕ್ಕಿದ್ದೆವು! ನಾನೂ ನಕ್ಕಿದ್ದೆ, ಎಲ್ಲರಿಗಿಂತ ಜಾಸ್ತಿ.

ಅಷ್ಟರಲ್ಲಿ ನರ್ಸು ಹೊರಗೆ ಹೋದಳು. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು.

"ಹೆಣ್ಣು ಮಗು ಸಾರ್."

"ತಾಯಿ?"

"ಚೆನ್ನಾಗಿದ್ದಾರೆ ಸಾರ್."

"ಇನ್ನು ಎಲ್ಲಿಗೂ ಕರ್ಕೊಂಡು ಹೋಗಬೇಕಾಗಿಲ್ವಾ?"

"ಮನೆಗೆ ಅಷ್ಟೆ ಸಾರ್."

ಗುಡುಗುಡು ನಿಂತಿತು. ಬೆಳಗಿನಿಂದ ಕೇಳಿ ಕೇಳಿ ಅಭ್ಯಾಸವಾಗಿದ್ದ ಕಿವಿಗೆ ಜಯನಗರವೇ ನಿಂತುಹೋದಂತಾಯಿತು.

"ಅಯ್ಯೋ, ಆಫ್ ಮಾಡೇಬಿಟ್ರಲ್ಲಾ ಸಾರ್! ದರಿದ್ರದ ಸಮ ರಸ್ತೆ!" ಮೇಷ್ಟ್ರು ಗಾಬರಿಯಾದರು.

"ತಳ್ಳೋಣ ಬಿಡಿ ಮೇಷ್ಟ್ರೇ" ಅಂದರು ಮಾವ. "ಈಗೇನು ಅವಸರ?"

ಮಾವ ಒಳಗೆ ಬಂದು ಬಾಗಿಲಲ್ಲೇ ನಿಂತರು. ಕೈತುಂಬ ಗ್ರೀಸು, ಅಂಗಿಯೆಲ್ಲ ಬೆವರು. ಅತ್ತೆ ಮಗುವನ್ನು ಎತ್ತಿ ತೋರಿಸಿದರು. ಮಾವ ಮಗುವನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಇದ್ದೀಯೇನೇ ಪುಟ್ಟಿ?"

"ಇದ್ದೀನಿ ಮಾವ."